ಮಲಗಿಸದ ಕಬ್ಬಿಣ

ಬೇಸಿಗೆ ಮುಗಿಯುತ್ತಾ ಬಂದಿತ್ತು. ಮೊದಲ ಮಳೆ ಹುಯ್ದು ಹೋಗಿ ನೆಲ ಇನ್ನೂ ಪೂರ್ತಿ ಆರಿರಲಿಲ್ಲ. ಬೆಳಗಿನ ಪಾಳಿಯ ಸೈರನ್ ಕೂಗುವ ಹೊತ್ತಿನಲ್ಲಿ ಇದೆಲ್ಲ ಶುರುವಾಯಿತು. ಶುರುವಾಯಿತು ಅಂದರೆ, ಸೈರನ್ ಕೂಗಲಿಲ್ಲ. ನಮ್ಮ ಕಾಲೋನಿಯಲ್ಲಿ ಗಡಿಯಾರ ನೋಡಿ ಬದುಕಿದವರು ಯಾರೂ ಇರಲಿಲ್ಲ. ಹಾಲು ಒಲೆಯ ಮೇಲಿಡುವುದು, ಸೈರನ್ ಕೂಗಿದಾಗ ಇಳಿಸುವುದು. ಆ ದಿನ ಬೀದಿಯ ಎಲ್ಲ ಮನೆಯಲ್ಲೂ ಹಾಲು ಉಕ್ಕಿತು. ಸೀದ ವಾಸನೆಗೆ ಹೆಂಗಸರೆಲ್ಲ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗಲೇ ಕಾರ್ಖಾನೆಯ ಗೇಟಿನ ಕಡೆಯಿಂದ ಮೊದಲ ಕೂಗು ಕೇಳಿಸಿತು.

ಹಿಂದಿನ ಸಂಜೆ ರೇಡಿಯೋದಲ್ಲಿ ಹೇಳಿದ್ದರು. ಹೊರದೇಶದ ಕಬ್ಬಿಣದ ಮೇಲಿನ ಸುಂಕ ತೆಗೆದಿದ್ದೇವೆ, ಸರ್ಕಾರವೇ ನಡೆಸುತ್ತಿದ್ದ ಕುಲುಮೆ ಇನ್ನು ದೇಶಕ್ಕೆ ಭಾರ, ಆದ್ದರಿಂದ ಆರಿಸುತ್ತೇವೆ ಎಂದು. ಆಮೇಲೆ ಹಾಡು ಹಾಕಿದರು. ಯಾರೂ ನಂಬಲಿಲ್ಲ. ಬೆಳಿಗ್ಗೆ ಪಾಳಿಗೆ ಹೋದವರಿಗೆ ಗೇಟಿನಲ್ಲಿ ಬೀಗ ಕಂಡಿತು, ಬೀಗದ ಹಿಂದೆ ಪೊಲೀಸರು ಕಂಡರು. ಮುಂದಿದ್ದವರು ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡೇ ಏಟು ತಿಂದರು.

ನನ್ನ ಗಂಡ ಆ ಕುಲುಮೆಯ ಮೇಸ್ತ್ರಿ. ಊರೆಲ್ಲ ಮೇಸ್ತ್ರಿ ಅನ್ನುತ್ತಿತ್ತು, ನಾನು ಇವರು ಅನ್ನುತ್ತಿದ್ದೆ. ಹಿಂದಿನ ಪಾಳಿಗೆ ಹೋದವರು ಇವರು, ಒಳಗೇ ಇದ್ದರು. ಕುಲುಮೆಯವರಲ್ಲಿ ಒಂದು ಕಟ್ಟಳೆ. ಕುಲುಮೆಯ ಬಾಗಿಲೆತ್ತುವ ಸಲಾಕೆ ನೆಲಕ್ಕೆ ಮುಟ್ಟಬಾರದು. ಮುಂದಿನ ಪಾಳಿಯವನು ಬಂದು ತನ್ನ ಕೈಗೆ ತೆಗೆದುಕೊಳ್ಳುವ ತನಕ ಹಿಡಿದವನು ಬಿಟ್ಟು ಹೋಗುವಂತಿಲ್ಲ, ಮನೆಗೆ ಬೆಂಕಿ ಬಿದ್ದರೂ ಇಲ್ಲ. ಗೇಟು ಮುಚ್ಚಿದರೆ ಒಳಗಿದ್ದವರು ತಾವಾಗಿ ಹೊರಗೆ ಬರುತ್ತಾರೆ ಎಂದು ಸರ್ಕಾರ ಎಣಿಸಿತ್ತು. ಯಾರೂ ಬರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು, ಅದನ್ನು ಈಗಲೇ ಹೇಳಿಬಿಡಬೇಕು. ಹೊರಗಿನಿಂದ ಬಂದ ಗುಜರಿ ಕಬ್ಬಿಣವನ್ನು ನೇರವಾಗಿ ಕುಲುಮೆಗೆ ಹಾಕುತ್ತಿರಲಿಲ್ಲ. ಕುಲುಮೆಯ ಪಕ್ಕದಲ್ಲಿ ಇಟ್ಟಿಗೆಯ ಕಟ್ಟೆ ಇತ್ತು, ಸದಾ ಬೆಚ್ಚಗಿರುತ್ತಿತ್ತು. ಅದರ ಮೇಲೆ ಒಂದು ಪಾಳಿಯಾದರೂ ಹರಡಿ ಒಣಗಿಸಬೇಕು. ಅದಕ್ಕೆ ಮಲಗಿಸುವುದು ಅನ್ನುತ್ತಿದ್ದರು. ಕರಗಿದ ಉಕ್ಕಿನೊಳಗೆ ಒಂದು ಲೋಟ ನೀರು ಸಿಕ್ಕಿಕೊಂಡರೆ ಮುಗಿಯಿತು, ಸಿಡಿಮದ್ದಿಗಿಂತ ಹೆಚ್ಚು. ಮದುವೆಯಾದ ಹೊಸತರಲ್ಲಿ ನಾನು ಒದ್ದೆ ಸೌಟನ್ನು ಕಾದ ಎಣ್ಣೆಗೆ ಹಾಕಿದ್ದಕ್ಕೆ ಇವರು ನನ್ನ ಕೈ ಹಿಡಿದು ಎಳೆದು, ಮುಖ ಬಿಳುಪಾಗಿ ನಿಂತುಬಿಟ್ಟಿದ್ದರು. ಒಂದು ಹನಿ ಎಣ್ಣೆಗೆ ಇಷ್ಟು ಹೆದರುವ ಗಂಡಸೇ ಎಂದು ನಾನು ನಕ್ಕಿದ್ದೆ.

ಈ ಕುಲುಮೆ ಬಂದದ್ದೂ ಏಟಿನ ಮೇಲೆಯೇ. ಆಗ ನಾನು ಚಿಕ್ಕವಳು. ನಮ್ಮಪ್ಪನ ಹೊಲದ ನಡುವೆ ಗೂಟ ಹೊಡೆಯಲು ಬಂದರು. ಅಪ್ಪ ಗೂಟ ಕಿತ್ತ. ಅದೇ ಗೂಟದಿಂದ ಅವನ ಮೊಣಕಾಲು ಒಡೆದರು. ಆಮೇಲೆ ಮಂತ್ರಿ ಬಂದು, ಕಬ್ಬಿಣವಿಲ್ಲದ ದೇಶ ಬೆನ್ನುಮೂಳೆಯಿಲ್ಲದ ಮೈ ಎಂದು ಭಾಷಣ ಮಾಡಿದಾಗ, ಅಪ್ಪ ಮುಂದಿನ ಸಾಲಿನಲ್ಲಿ ಕೋಲೂರಿಕೊಂಡು ನಿಂತು ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಅವನಿಗೆ ಅಲ್ಲೇ ಕಾವಲುಗಾರನ ಕೆಲಸ ಸಿಕ್ಕಿತ್ತು. ಅಲ್ಲಿಂದ ಮುಂದೆ ನಮ್ಮ ಕಬ್ಬಿಣ ಸೇತುವೆಯಾಯಿತು, ರೈಲು ಹಳಿಯಾಯಿತು, ಆಸ್ಪತ್ರೆಯ ಮಂಚವಾಯಿತು. ಹೊರಗಿನದು ಒಳಗೆ ಬಾರದ ಹಾಗೆ ಸರ್ಕಾರ ಸುಂಕದ ಬೇಲಿ ಹಾಕಿತ್ತು, ಬೇಲಿಯೊಳಗೆ ನಾವು ಬೆಳೆದೆವು. ಒಂದು ಸಂಜೆ ರೇಡಿಯೋ ಹಾಡಿನ ಮುಂಚೆ ಆ ಬೇಲಿ ಕಿತ್ತರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನನಗೊಬ್ಬ ತಮ್ಮನಿದ್ದ. ಚಿಕ್ಕಂದಿನಲ್ಲಿ ಯಾವಾಗಲೂ ಹಳೇ ಸೈಕಲ್ಲಿನ ಗಾಲಿ ಉರುಳಿಸಿಕೊಂಡು ಓಡುತ್ತಿದ್ದ, ಅದಕ್ಕೆ ಎಲ್ಲರೂ ಅವನನ್ನು ಗಾಲಿ ಅನ್ನುತ್ತಿದ್ದರು. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ನಾನು, ಕೆಲಸ ಕಲಿಸಿದವರು ಇವರು. ಇವರ ಕೈಕೆಳಗೆ ಕುಲುಮೆಗೆ ಗುಜರಿ ತುಂಬುತ್ತಿದ್ದ. ಆಮೇಲೆ ಬಂದರು ಬೆಳೆಯಿತು. ಬಂದರಿನಿಂದ ಸರಕು ಸಾಗಿಸುವವರಿಗೆ ಸರ್ಕಾರವೇ ಲಾರಿ ಕೊಡಿಸುತ್ತೇನೆ ಅಂದಾಗ ಇವನು ಸಲಾಕೆ ಬಿಟ್ಟು ಸ್ಟೇರಿಂಗ್ ಹಿಡಿದ. ಸುಂಕ ತೆಗೆಯುವ ಮಾತು ಗಾಳಿಯಲ್ಲಿದ್ದ ದಿನಗಳಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಮಾತಿಗೆ ಮಾತು ಬೆಳೆಯಿತು.

"ಭಾವ, ನಿಮ್ಮ ಕಬ್ಬಿಣದಲ್ಲಿ ಒಂದು ಮನೆ ಕಟ್ಟೋ ಬೆಲೆಗೆ ಹಡಗಿನ ಕಬ್ಬಿಣದಲ್ಲಿ ಎರಡು ಕಟ್ಟಬಹುದು," ಅಂದ. "ದೇಶ ಅಂದ್ರೆ ನಮ್ಮ ಕಾಲೋನಿ ಒಂದೇನಾ?"

"ಮೊಲೆ ಕುಡಿದು ಮೀಸೆ ಬಂದ ಮೇಲೆ ತಾಯಿ ಹಾಲು ತೆಳು ಅನ್ನೋನು ನೀನು," ಅಂದರು ಇವರು.

ತಮ್ಮ ಏನೋ ಹೇಳಲು ಬಾಯಿ ತೆರೆದ. ಇವರು ಗಂಜಿಯ ತಟ್ಟೆ ಎತ್ತಿ ಎಸೆದರು. ತಟ್ಟೆಯ ಅಂಚು ಅವನ ಹುಬ್ಬು ಸೀಳಿತು. ರಕ್ತ ಗಂಜಿಯೊಂದಿಗೆ ಕೆನ್ನೆಯ ಮೇಲೆ ಇಳಿಯಿತು. ಅವನು ತೋಳಿನಿಂದ ಒರೆಸಿಕೊಂಡು, "ಅಕ್ಕಾ, ಗಂಜಿ ಚೆನ್ನಾಗಿದೆ. ತಲೆ ಮೇಲೆ ಬಡಿಸಬೇಡಿ ಅಂತ ಭಾವನಿಗೆ ಹೇಳು," ಅಂದು ಒಬ್ಬನೇ ನಕ್ಕ. ಎದ್ದು ಹೋದವನು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಅಂದಿನಿಂದ ನನಗೆ ಇದ್ದದ್ದು ಒಂದೇ ಭಯ. ಇವರಿಬ್ಬರೂ ಎದುರಾಗುವ ದಿನ ಒಂದು ಹೆಣ ಬೀಳುತ್ತದೆ, ಯಾವ ಕಡೆಯದು ಬಿದ್ದರೂ ಅಳುವವಳು ನಾನೇ.

ಬೀಗ ಬಿದ್ದ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮವರು ರೈಲು ಹಳಿಯ ತುಂಡನ್ನು ಹೊತ್ತು ತಂದು ಗೇಟು ಕುಟ್ಟಿ ಕೆಡವಿದರು. ಮುಂದೆ ನಿಂತು ಕೂಗುತ್ತಿದ್ದವನು ಕಾರ್ಮಿಕರ ಮುಂದಾಳು. ಅವನ ಗಂಟಲಿನಿಂದಾಗಿ ಅವನಿಗೆ ಡೋಲು ಎಂದೇ ಹೆಸರಾಗಿತ್ತು, ಪಿಸುಗುಟ್ಟಿದರೂ ಮೂರು ಮನೆಗೆ ಕೇಳಿಸುತ್ತಿತ್ತು. ಪೊಲೀಸರು ಹಿಂದೆ ಸರಿಯುವಾಗ ಅವರ ವ್ಯಾನು ನಮ್ಮ ಪಕ್ಕದ ಮನೆಯ ವೆಲ್ಡರ್‌ನ ಮೇಲೆ ಹತ್ತಿ ಇಳಿಯಿತು. ಬೇಕೆಂದೇ ಹತ್ತಿಸಿದರೋ, ಗಾಬರಿಯಲ್ಲಿ ಹಾಗಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಎದೆ ಒಳಗೆ ಹೋಗಿತ್ತು. ಡೋಲು ಆ ದೇಹವನ್ನು ಮನೆಗೆ ಕೊಡಲಿಲ್ಲ. ಕುಲುಮೆಯ ಎದುರು ಹಲಗೆಯ ಮೇಲೆ ಮಲಗಿಸಿ, ಕುಲುಮೆ ಉರಿಯುತ್ತಿರುವ ತನಕ ಇವನೂ ಇಲ್ಲೇ ಇರುತ್ತಾನೆ ಅಂದ. ವೆಲ್ಡರ್‌ನ ಹೆಂಡತಿ ಬಂದು ಗಂಡನ ತಲೆಯ ಹತ್ತಿರ ಕೂತಳು. ಅಳಲಿಲ್ಲ. ನೊಣ ಓಡಿಸುತ್ತಿದ್ದಳು.

ಹಾಗೆ ಕಾರ್ಖಾನೆ ನಮ್ಮವರ ಕೈಗೆ ಬಂತು. ಹೊರಗೆ ಪೊಲೀಸರು, ಒಳಗೆ ನಮ್ಮವರು. ಕುಲುಮೆ ಆರದಿದ್ದರೆ ಸರ್ಕಾರ ಮಾತಿಗೆ ಬರಲೇಬೇಕು ಎಂಬುದು ಲೆಕ್ಕಾಚಾರ. ಆರಿಹೋಗಿ ಒಳಗಿನ ಉಕ್ಕು ಹೆಪ್ಪುಗಟ್ಟಿದರೆ ಅದನ್ನು ಯಾರೂ ಮತ್ತೆ ಹೊತ್ತಿಸಲಾರರು, ಅದು ಕುಲುಮೆಯಲ್ಲ, ಗೋರಿ. ಎರಡೂ ಹೊತ್ತು ಕಲ್ಲು, ಎರಡೂ ಹೊತ್ತು ದೊಣ್ಣೆ. ನಮ್ಮ ಹೆಂಗಸರು ಬಿದ್ದ ಗೇಟಿನ ಸಂದಿಯಿಂದ ಊಟ ಒಯ್ಯುತ್ತಿದ್ದೆವು, ಬರುವಾಗ ತಲೆ ಒಡೆಸಿಕೊಂಡವರನ್ನು ಹೆಗಲು ಕೊಟ್ಟು ತರುತ್ತಿದ್ದೆವು. ಇವರ ಸಹಾಯಕನೊಬ್ಬನಿದ್ದ. ಹಿಂದೆಂದೋ ಕಿಡಿ ಹಾರಿ ಒಂದು ಕಿವಿ ಸುಟ್ಟುಹೋಗಿತ್ತು, ಒಂಟಿಕಿವಿ ಅನ್ನುತ್ತಿದ್ದರು. ಅವನು ಸಲಾಕೆ ಹಿಡಿದಾಗ ಇವರು ಮಲಗುವುದು, ಇವರು ಹಿಡಿದಾಗ ಅವನು ಗೇಟು ಕಾಯುವುದು.

ಗೋಡೆಯಾಚೆ ಹೆದ್ದಾರಿ. ಬಂದರಿನಿಂದ ನಗರಕ್ಕೆ ಇದ್ದದ್ದು ಅದೊಂದೇ ದಾರಿ. ನಮ್ಮ ಕಬ್ಬಿಣ ಕೊಳ್ಳುತ್ತಿದ್ದ ನಗರದ ಕಾರ್ಖಾನೆಗಳಿಗೇ ಈಗ ಹಡಗಿನ ಕಬ್ಬಿಣ ಲಾರಿಗಳಲ್ಲಿ ಹೋಗುತ್ತಿತ್ತು, ನಮ್ಮವರ ಮೂಗಿನ ಕೆಳಗೇ. ಇತ್ತ ಒಳಗೆ ಗುಜರಿ ಮುಗಿದಿತ್ತು. ಕುಲುಮೆಯ ಹೊಟ್ಟೆ ಹಸಿದು, ಉರಿ ಬಣ್ಣ ಬದಲಾಯಿಸುತ್ತಿತ್ತು. ಇವರು ಹಳೇ ಬಾಗಿಲು, ಮುರಿದ ಸರಪಳಿ, ಕಚೇರಿಯ ಕಪಾಟು, ಎಲ್ಲವನ್ನೂ ಅದಕ್ಕೆ ಉಣಿಸಿದರು. ಕಪಾಟನ್ನೂ ಕಟ್ಟೆಯ ಮೇಲೆ ಮಲಗಿಸಿಯೇ ಹಾಕಿದರು. ನಾನು ಕಣ್ಣಾರೆ ನೋಡಿದ್ದೇನೆ.

ಬೀಗ ಬಿದ್ದ ಮೂರನೇ ದಿನ, ಗುರುವಾರ ಮಧ್ಯಾಹ್ನ, ನಾನು ಊಟ ತೆಗೆದುಕೊಂಡು ಒಳಗೆ ಹೋದಾಗ ಹೆದ್ದಾರಿಯ ಕಡೆ ಗಾಜು ಒಡೆಯುವ ಸದ್ದಾಯಿತು. ಪೊಲೀಸರೆಲ್ಲ ಗೇಟಿನ ಕಡೆ ಇದ್ದಾಗ ನಮ್ಮವರು ದಾರಿಗೆ ಹಳಿ ಅಡ್ಡ ಎಳೆದು ಒಂದು ಲಾರಿ ನಿಲ್ಲಿಸಿದ್ದರು. ಸ್ವಲ್ಪ ಹೊತ್ತಿಗೆ ಹೆದ್ದಾರಿಯ ಕಡೆ ಗೋಡೆ ಒಡೆದು ಮಾಡಿಕೊಂಡಿದ್ದ ಸಂದಿಯಿಂದ ಲಾರಿಯನ್ನೇ ತಳ್ಳಿಕೊಂಡು ಒಳಗೆ ತಂದರು. ಅದರ ಹಿಂದೆ ಡ್ರೈವರನನ್ನು ಎರಡು ಕಾಲು ಹಿಡಿದು ಎಳೆದು ತರುತ್ತಿದ್ದರು. ಅವನ ತಲೆ ಜಲ್ಲಿಕಲ್ಲಿನ ಮೇಲೆ ಕುಪ್ಪಳಿಸುತ್ತಿತ್ತು. ಹುಬ್ಬಿನ ಕಲೆ ನೋಡಿ ನನಗೆ ಗುರುತು ಸಿಕ್ಕಿತು.

ಉಳಿದ ಡ್ರೈವರುಗಳು ಆ ದಿನ ಈ ದಾರಿಗೆ ಬರಲು ಒಪ್ಪಿರಲಿಲ್ಲವಂತೆ. ಅಲ್ಲಿರೋರೆಲ್ಲ ನಮ್ಮವರೇ, ನನಗೆ ಯಾಕೆ ಕಲ್ಲು ಹೊಡೀತಾರೆ ಅಂದುಕೊಂಡು ನನ್ನ ತಮ್ಮ ಬಂದಿದ್ದ.

ಕಂಡಕಂಡವರು ಒದ್ದರು. ಅವನ ಜೊತೆ ಪಾಳಿ ಮಾಡಿದವರೂ ಒದ್ದರು, ಅವನ ಹೆಸರು ಹಿಡಿದು ಕರೆಯುತ್ತಾ ಒದ್ದರು. ನಾನು ನಡುವೆ ನುಗ್ಗಿದೆ. ಯಾರೋ ನನ್ನನ್ನು ಜುಟ್ಟು ಹಿಡಿದು ಎಳೆದು ಇಟ್ಟಿಗೆ ಕಟ್ಟೆಯ ಹಿಂದಕ್ಕೆ ತಳ್ಳಿದರು. ನಾನು ಇವರ ಮುಖ ನೋಡಿದೆ. ಇವರು ಸಲಾಕೆ ಹಿಡಿದು ಕುಲುಮೆಯ ಬಾಯಲ್ಲಿ ನಿಂತಿದ್ದರು. ನಿದ್ದೆಗೆಟ್ಟು ಕಣ್ಣು ಕೆಂಡವಾಗಿತ್ತು. ಒಂದು ಹೆಜ್ಜೆ ಮುಂದಿಡಲಿಲ್ಲ, ಬಿಡಿ ಎಂದು ಹೇಳಲೂ ಇಲ್ಲ.

ಆಗ ಡೋಲಿಗೆ ಹೊಳೆಯಿತು. ಕೊಲ್ಲುವುದು ಬೇಡ, ಅವನ ಕೈಯಿಂದಲೇ ಆ ಕಬ್ಬಿಣವನ್ನು ನಮ್ಮ ಕುಲುಮೆಗೆ ತಿನ್ನಿಸೋಣ ಅಂದ. ಸರ್ಕಾರ ಪರದೇಶದ ಕಬ್ಬಿಣ ನಮ್ಮನ್ನು ತಿನ್ನಲಿ ಅಂದಿದೆ, ನಾವು ಅದನ್ನೇ ತಿನ್ನೋಣ. ಜನ ಹೋ ಎಂದು ಕೂಗಿದರು. ಲಾರಿಯಲ್ಲಿ ಇದ್ದದ್ದು ಹೊರದೇಶದ ಹಳೇ ಸರಳು, ತಗಡು, ಕೊಳವೆಗಳ ಕಟ್ಟು. ಕೊಳವೆಗಳ ಎರಡು ತುದಿಯನ್ನೂ ಜಜ್ಜಿ ಮುಚ್ಚಿದ್ದರು. ತಮ್ಮನನ್ನು ಎಬ್ಬಿಸಿ ನಿಲ್ಲಿಸಿದರು. ಅವನು ಒಂದು ಕೊಳವೆ ಎತ್ತಿ ಅಲ್ಲಾಡಿಸಿದ, ಕಿವಿಗೆ ಹಿಡಿದ, ಇವರ ಕಡೆ ತಿರುಗಿದ. ತುಟಿ ಹರಿದಿತ್ತು, ಮಾತು ರಕ್ತದೊಂದಿಗೇ ಬಂತು.

"ಭಾವ, ಇದನ್ನ ಮಲಗಿಸಿಲ್ಲ. ಹಡಗಲ್ಲಿ ನೆನೆದಿದೆ, ಬಂದರಲ್ಲಿ ನೆನೆದಿದೆ. ಒಳಗೆ ನೀರಿದೆ."

ಆ ಮಾತಿನ ಅರ್ಥ ಗೊತ್ತಿಲ್ಲದವನು ಆ ಅಂಗಳದಲ್ಲಿ ಒಬ್ಬನೂ ಇರಲಿಲ್ಲ. ಇವರ ಕೈ ಸಲಾಕೆಯ ಮೇಲೆ ಬಿಗಿಯಾದದ್ದನ್ನು ನಾನು ಕಂಡೆ. ಇನ್ನೇನು ಬೇಡ ಅನ್ನುತ್ತಾರೆ ಎಂದುಕೊಂಡೆ.

"ಓಹೋ," ಅಂದ ಡೋಲು. "ಪರದೇಶದ ದೊರೆಗೆ ಮಲಗೋಕೆ ಹಾಸಿಗೆ ಬೇರೆ ಬೇಕಾ?"

ಜನ ಬಿದ್ದು ಬಿದ್ದು ನಕ್ಕರು. ನೊಣ ಓಡಿಸುತ್ತಿದ್ದ ವೆಲ್ಡರ್‌ನ ಹೆಂಡತಿಯೂ ತಲೆಯೆತ್ತಿ, "ಹಾಕಿ," ಅಂದಳು. ಇವರು ಹಲಗೆಯ ಮೇಲಿನ ದೇಹ ನೋಡಿದರು, ನನ್ನ ತಮ್ಮನನ್ನು ನೋಡಿದರು, ಸಲಾಕೆ ತೂರಿಸಿ ಕುಲುಮೆಯ ಬಾಗಿಲು ಎತ್ತಿದರು.

ಮೊದಲು ಸರಳು ಹೋಯಿತು, ತಗಡು ಹೋಯಿತು. ಪ್ರತಿ ತುಂಡಿಗೂ ಕೇಕೆ. ಕುಲುಮೆ ಬೆಳಗುತ್ತಾ ಬಂತು. ತಮ್ಮ ತಡವರಿಸಿದಾಗಲೆಲ್ಲ ಬೆನ್ನಿಗೆ ಏಟು ಬೀಳುತ್ತಿತ್ತು. ಕೊಳವೆಯ ಕಟ್ಟು ಬಂದಾಗ ಅವನು ಕೈ ಹಾಕಲಿಲ್ಲ, ನೆಲಕ್ಕೆ ಕುಸಿದ. ಹಾಗಾದರೆ ನಾವೇ ಹಾಕುತ್ತೇವೆ ಎಂದು ಡೋಲು ಮತ್ತು ಇನ್ನು ಕೆಲವರು ಕಟ್ಟನ್ನು ಹೊತ್ತು ಬಾಯಿಗೆ ನೂಕಿದರು. ತಮ್ಮ ಬಿದ್ದಲ್ಲಿಂದಲೇ ಇವರ ಎರಡು ಕಾಲನ್ನೂ ತಬ್ಬಿ ಎಳೆದ.

ಸದ್ದು ನನಗೆ ಕೇಳಿಸಲಿಲ್ಲ. ಬೆಳಕು ಕಂಡಿತು, ನಡುಹಗಲಿನಲ್ಲಿ ಇನ್ನೊಂದು ಹಗಲು ಹುಟ್ಟಿದಂತೆ. ಕಟ್ಟೆಯ ಇಟ್ಟಿಗೆಗಳು ನನ್ನ ಮೇಲೆ ಬಿದ್ದು ನಾನು ಉಳಿದೆ. ಎದ್ದು ನೋಡಿದಾಗ ಕುಲುಮೆಯ ಮುಂಗೋಡೆ ಇರಲಿಲ್ಲ. ಉಕ್ಕು ಅಂಗಳದ ತುಂಬ ಹರಿದಿತ್ತು, ಒದ್ದೆ ನೆಲ ಸಿಕ್ಕಿದಲ್ಲೆಲ್ಲ ಮತ್ತೆ ಮತ್ತೆ ಸಿಡಿಯುತ್ತಿತ್ತು. ಡೋಲಿನದು ಎಂದು ಹೇಳುವುದಕ್ಕೆ ಒಂದು ಬೂಟು ಮಾತ್ರ ಉಳಿದಿತ್ತು, ಅದರೊಳಗೆ ಪಾದ ಇತ್ತು. ವೆಲ್ಡರ್ ಎರಡನೇ ಸಲ ಸತ್ತಿದ್ದ, ಹಲಗೆ ಸಮೇತ ಉರಿಯುತ್ತಿದ್ದ. ಅವನ ಹೆಂಡತಿ ಕೂದಲಿಗೆ ಹತ್ತಿದ ಬೆಂಕಿಯನ್ನು ಬರಿಗೈಯಲ್ಲಿ ಬಡಿದುಕೊಳ್ಳುತ್ತಾ ಓಡುತ್ತಿದ್ದಳು. ಒಬ್ಬನು ನಿಂತೇ ಇದ್ದ, ಮುಖ ಇರಲಿಲ್ಲ. ಆಮೇಲೆ ಕಾಲು ಮಡಿಸಿಕೊಂಡು ಕೂತ.

ಇವರು ನೆಲದ ಮೇಲೆ ಮಗುಚಿ ಬಿದ್ದಿದ್ದರು, ಕಾಲು ತಬ್ಬಿಕೊಂಡೇ ತಮ್ಮ ಬಿದ್ದಿದ್ದ. ಕಾಲು ಎಳೆದಿರದಿದ್ದರೆ ಇವರದೂ ಬೂಟು ಮಾತ್ರ ಸಿಗುತ್ತಿತ್ತು. ಆದರೂ ಬೆನ್ನು ಬೆಂದು ಅಂಗಿ ಯಾವುದು ಚರ್ಮ ಯಾವುದು ತಿಳಿಯುತ್ತಿರಲಿಲ್ಲ. ಎರಡು ಕಣ್ಣೂ ಹೋಗಿದ್ದವು. ಸಲಾಕೆ ಕೈಯಲ್ಲೇ ಇತ್ತು, ಅಂಗೈ ಅದಕ್ಕೆ ಅಂಟಿಕೊಂಡಿತ್ತು. ತಮ್ಮ ಇವರನ್ನು ಗುಜರಿ ಸಾಗಿಸುವ ಕೈಗಾಡಿಯಲ್ಲಿ ಹಾಕಿಕೊಂಡ. ಆಸ್ಪತ್ರೆಯಲ್ಲಿ ನೆಲದ ಮೇಲೂ ಜಾಗವಿರಲಿಲ್ಲ. ಕಾಲೋನಿಯ ನರ್ಸಮ್ಮ ನಮ್ಮ ಮನೆಗೇ ಬಂದು ಅಂಗೈ ಬಿಡಿಸಿ ಬಟ್ಟೆ ಸುತ್ತಿದಳು, ಇವರು ಸಲಾಕೆಯನ್ನು ಕಂಕುಳಿಗೆ ಸೇರಿಸಿಕೊಂಡರು. ನನ್ನನ್ನು ಹೊರಗೆ ಕರೆದು, ನೀರು ಕೇಳಿದಷ್ಟು ಕೊಡು, ಬೇರೇನೂ ಬೇಡ ಅಂದಳು.

ಕತ್ತಲಾಗುವ ಮೊದಲೇ ಸುದ್ದಿ ಹಬ್ಬಿತ್ತು. ಲಾರಿಯಲ್ಲಿ ಬಾಂಬು ಇತ್ತಂತೆ, ಸರ್ಕಾರದವರು ನನ್ನ ತಮ್ಮ ಗಾಲಿಯ ಕೈಯಲ್ಲಿ ಕಳಿಸಿದ್ದರಂತೆ. ರೇಡಿಯೋದವರು ಕಾರ್ಮಿಕರೇ ಬಾಂಬು ಇಟ್ಟುಕೊಂಡಿದ್ದರು ಅಂದರು. ಎರಡು ಕಡೆಯವರಿಗೂ ಬಾಂಬು ಬೇಕಾಗಿತ್ತು. ಕುಲುಮೆಯ ಬಾಯಲ್ಲಿ ತಮ್ಮ ಹೇಳಿದ ಮಾತು ಕೇಳಿದವರಲ್ಲಿ ಬಹುಪಾಲು ಸತ್ತಿದ್ದರು, ಉಳಿದವರಿಗೆ ಮಾತು ಹೊರಡುತ್ತಿರಲಿಲ್ಲ.

ಬೆಳಿಗ್ಗೆ ಕಾರ್ಖಾನೆಯವರು ನಮ್ಮ ಮನೆಗೆ ಬಂದರು. ಮುಂದೆ ಒಂಟಿಕಿವಿ. ಸಿಡಿದ ಹೊತ್ತಿನಲ್ಲಿ ಅವನು ಗೇಟಿನಲ್ಲಿದ್ದವನು, ಏನೂ ನೋಡಿರಲಿಲ್ಲ. ಅವನ ಅಣ್ಣ ಕೊಳವೆಯ ಕಟ್ಟು ಹೊತ್ತು ಸತ್ತವರಲ್ಲಿ ಒಬ್ಬ. ನಾನು ಬಾಗಿಲಿಗೆ ಅಡ್ಡ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮಲಗಿಸಿಲ್ಲ ಅಂತ ನನ್ನ ತಮ್ಮ ಹೇಳಿದ, ಯಾರೂ ಕೇಳಲಿಲ್ಲ.

"ಅಕ್ಕ, ನೀವು ತಮ್ಮನಿಗೋಸ್ಕರ ತಪ್ಪನ್ನ ಗಂಡನ ತಲೆ ಮೇಲೆ ಹಾಕ್ತಿದ್ದೀರಿ," ಅಂದ ಒಂಟಿಕಿವಿ. "ಮೇಸ್ತ್ರಿ ಮಲಗಿಸದೆ ಒಂದು ಮೊಳೆ ಹಾಕಿದವರಲ್ಲ."

ಅವನ ಹಿಂದಿನಿಂದ ಬಂದ ಯಾರದೋ ಮುಷ್ಟಿ ನನ್ನ ಬಾಯಿಗೆ ಬಿತ್ತು. ಹಲ್ಲು ನಾಲಿಗೆಯ ಮೇಲೆ ಬಂತು. ಅವರು ನನ್ನನ್ನು ದಾಟಿ ಒಳಗೆ ನುಗ್ಗಿ, ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದ ತಮ್ಮನನ್ನು ಹಿಡಿದರು. ಅವನು ಒಲೆಯ ಕಟ್ಟೆ ಹಿಡಿದುಕೊಂಡ. ಬಿಡದ ಬಲಗೈಯನ್ನು ಕಬ್ಬಿಣದ ಪಟ್ಟಿಯಿಂದ ಹೊಡೆದು ಮುರಿದರು, ಕಟ್ಟಿಗೆ ಮುರಿದ ಸದ್ದೇ ಬಂತು. ಬೀದಿಗೆ ಎಳೆದು ಮಂಡಿಯೂರಿ ಕೂರಿಸಿದರು. ವೆಲ್ಡರ್‌ನ ಹೆಂಡತಿ ತಲೆಗೆ ಬಟ್ಟೆ ಸುತ್ತಿಕೊಂಡು ತನ್ನ ಮನೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಒಂಟಿಕಿವಿ ಪಟ್ಟಿ ಎತ್ತಿದ.

"ಲೋ."

ಎಲ್ಲರೂ ತಿರುಗಿದರು. ಇವರು ಗೋಡೆ ತಡವಿಕೊಂಡು ಹೊಸಿಲ ತನಕ ಬಂದಿದ್ದರು. ಗೋಡೆಯುದ್ದಕ್ಕೂ ಕೆಂಪು ಗುರುತು ಬಿದ್ದಿತ್ತು. ಕಂಕುಳಲ್ಲಿ ಸಲಾಕೆ ಊರುಗೋಲಿನಂತೆ ಇತ್ತು, ಆದರೆ ನೆಲಕ್ಕೆ ಊರಿರಲಿಲ್ಲ.

"ಅವನು ಹೇಳಿದ. ನಾನು ಕೇಳಿಸಿಕೊಂಡೆ. ಬಾಗಿಲು ಎತ್ತಿದೋನು ನಾನು."

ಒಂಟಿಕಿವಿ ಒಂದು ಹೆಜ್ಜೆ ಮುಂದೆ ಬಂದ. "ನೀವು? ಮಲಗಿಸದೆ?"

"ನಮ್ಮದಾಗಿದ್ರೆ ಮಲಗಿಸ್ತಿದ್ದೆ," ಅಂದರು ಇವರು. "ಪರದೇಶದ್ದು ಅಂತ... ಅದು ಕಬ್ಬಿಣ ಅಂತಲೇ ಅನ್ನಿಸಲಿಲ್ಲ ಕಣೋ."

ಒಂಟಿಕಿವಿಯ ಕೈ ಇಳಿಯಿತು. ಕುಲುಮೆಯವನೊಬ್ಬ ಸುಳ್ಳಾಗಿ ಹೇಳಿಕೊಳ್ಳುವ ಮಾತಲ್ಲ ಅದು, ಪ್ರಾಣ ಉಳಿಸಿಕೊಳ್ಳಲೂ ಹೇಳುವುದಿಲ್ಲ. ಅವನು ಬೀದಿಯ ನಡುವೆ ಕೂತು ಉಳಿದ ಒಂದು ಕಿವಿಯನ್ನು ಮುಚ್ಚಿಕೊಂಡ. ಒಬ್ಬೊಬ್ಬರಾಗಿ ಚದುರಿದರು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಒಂದು ಕಲ್ಲು ಬಂದು ಇವರ ಎದೆಗೆ ಬಿತ್ತು. ಇವರು ಅಲ್ಲಾಡಲಿಲ್ಲ. ಎಸೆದ ಕೈ ಯಾವುದೆಂದು ನಾನು ನೋಡಿದೆ. ಆ ಮನೆಯ ಮುಂದೆ ಈಗಲೂ ದಿನಾ ಹಾದು ಹೋಗುತ್ತೇನೆ, ಅವಳೂ ನಾನೂ ಒಬ್ಬರನ್ನೊಬ್ಬರು ಊಟ ಆಯಿತೇ ಎಂದು ಕೇಳುತ್ತೇವೆ.

ಕುಲುಮೆ ಹೊಟ್ಟೆಯಲ್ಲಿ ಉಳಿದ ಉಕ್ಕು ಇಟ್ಟುಕೊಂಡೇ ತಣ್ಣಗಾಯಿತು. ಹಡಗಿನ ಕಬ್ಬಿಣ ಅಗ್ಗವಾಗಿದ್ದು ಸುಳ್ಳಲ್ಲ. ನಮ್ಮ ಬೀದಿಯಲ್ಲೇ ಅದರಿಂದ ಮಹಡಿ ಮನೆಗಳು ಎದ್ದವು. ಆಮೇಲೆ ಎಲ್ಲ ಕಡೆಯ ಕುಲುಮೆಗಳು ಆರಿದ ಮೇಲೆ ಹಡಗಿನವರು ಬೆಲೆ ಏರಿಸಿದರು. ಇನ್ನೊಂದು ಸರ್ಕಾರ ಬಂದು ಸುಂಕ ಮತ್ತೆ ಹಾಕಿ, ಕಬ್ಬಿಣ ದೇಶದ ಬೆನ್ನುಮೂಳೆ ಅಂದಿತು. ನಮ್ಮ ಕುಲುಮೆ ನೋಡಲು ಅಧಿಕಾರಿಗಳು ಬಂದರು. ಹೆಪ್ಪುಗಟ್ಟಿದ ಉಕ್ಕಿನ ಗುಡ್ಡೆಯ ಸುತ್ತ ನಡೆದು, ಬೆರಳಲ್ಲಿ ತಟ್ಟಿ, ಹೋದರು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ಆ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಇವರನ್ನು ಒಳಗೆ ಮಲಗಿಸಿದೆವು. ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತು. ಸೈರನ್ ಇರಲಿಲ್ಲ, ಆದರೂ ಇವರಿಗೆ ತಿಳಿಯಿತು. ಮುಂದಿನ ಪಾಳಿ ಯಾರದು ಎಂದು ಕೇಳಿದರು. ತಮ್ಮ ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು ಮಂಚದ ಪಕ್ಕ ಬಂದು ನಿಂತ.

"ಕೊಡಿ ಭಾವ," ಅಂದ.

ಇವರು ಸಲಾಕೆಯ ತುದಿ ಎತ್ತಿದರು. ಅವನು ಎಡಗೈಯಲ್ಲಿ ಹಿಡಿದುಕೊಂಡ. ಹಿಡಿದನೋ ಇಲ್ಲವೋ ಎಂದು ಇವರು ಎರಡು ಸಲ ಎಳೆದು ನೋಡಿ, ಆಮೇಲೆ ಬಿಟ್ಟರು.

ಇವರು ಹೋದದ್ದು ಆ ಶುಕ್ರವಾರವೇ, ಬೆಳಕು ಇನ್ನೂ ಇದ್ದಾಗ. ಮಣ್ಣು ಮಾಡಲು ಒಂಟಿಕಿವಿ ಬಂದು ಗುದ್ದಲಿ ಹಿಡಿದ, ತಮ್ಮನ ಮುಖ ನೋಡಲಿಲ್ಲ. ತಮ್ಮ ಹೋದದ್ದು ಭಾನುವಾರ ಬೆಳಿಗ್ಗೆ. ಬಂದರಿನ ಕಡೆಗಲ್ಲ, ನಗರದ ಕಡೆಗೂ ಅಲ್ಲ. ಬೆಟ್ಟದ ದಾರಿ ಹಿಡಿದು ನಡೆದುಕೊಂಡು ಹೋದ, ಸಲಾಕೆ ಎಡ ಹೆಗಲ ಮೇಲಿತ್ತು.